ಬೆನ್ನ ಮೇಲಿನ ಬರೆ ಕಾಗದಕ್ಕೆ ಇಳಿಯುವುದು ಹೇಗೆ? ಆಶ್ರಯ ಕೇಳುವವರಿಗೆ, ಅವರ ಜೊತೆ ಓಡಾಡುವವರಿಗೆ

ತಮಿಳುನಾಡಿನ ಗಡಿಯ ತಾಳವಾಡಿಯಲ್ಲಿ ಅರ್ಜಿ ಬರೆದುಕೊಡುವುದು ನನ್ನ ಕಸುಬು. ಪಟ್ಟಾ ಬದಲಾವಣೆ, ವಾರಸು ಸರ್ಟಿಫಿಕೇಟು, ವಿಧವಾ ಪಿಂಚಣಿ, ಇಂಥವು. ಇಲ್ಲಿ ಕಚೇರಿಯ ಮಾತು ತಮಿಳು, ಮನೆಯ ಮಾತು ಕನ್ನಡ. ನಡುವೆ ನನ್ನಂಥವರಿಗೆ ಒಂದು ಮೇಜು, ಒಂದು ಕುರ್ಚಿ. ಅಸೈಲಂ ಅಂದರೆ ಹೊರದೇಶದಲ್ಲಿ ಆಶ್ರಯ, ಫೊರೆನ್ಸಿಕ್ ವರದಿ ಅಂದರೆ ಗಾಯದ ಬಗ್ಗೆ ತಜ್ಞ ಡಾಕ್ಟರ ವರದಿ, ಇವೆಲ್ಲ ಈ ಮೇಜಿನವರೆಗೆ ಬರುವ ಮಾತುಗಳಲ್ಲ. ಆದರೂ ಬಂದವು.

ದಿಂಬಂ ಘಾಟಿಯ 27 ತಿರುವು ಇಳಿದು ಬಣ್ಣಾರಿ ದಾಟಿ ಹೋದರೆ ಭವಾನಿಸಾಗರ. ಅಲ್ಲಿ ಶ್ರೀಲಂಕಾ ತಮಿಳರ ಕ್ಯಾಂಪಿದೆ. ಆ ಕ್ಯಾಂಪಿನಿಂದ ನಮ್ಮೂರಿಗೆ ಮನೆ ಪೇಂಟ್ ಮಾಡಲು ಬರುತ್ತಿದ್ದವರೊಬ್ಬರು ಒಂದು ಸಂಜೆ ಬ್ರಷ್ ತೊಳೆದಿಟ್ಟು ಮೇಜಿನ ಮುಂದೆ ಕೂತರು. ಅವರ ಅಕ್ಕನ ಮಗ ಲಂಡನ್ನಿನಲ್ಲಿ ಆಶ್ರಯ ಕೇಳಿದ್ದಾನೆ. ಬೆನ್ನ ಮೇಲೆ ಕಾದ ಕಬ್ಬಿಣದ ಗುರುತುಗಳಿವೆ. ಅವನು ದೋಣಿ ಹತ್ತಿ ಇಲ್ಲಿಗೆ ಬಂದಿದ್ದಾಗ ಕೀವಾಗಿದ್ದ ಗಾಯಕ್ಕೆ ಘಾಟಿಯ ಕೆಳಗಿನ ಒಂದು ಆಸ್ಪತ್ರೆಯಲ್ಲಿ ಡ್ರೆಸ್ಸಿಂಗ್ ಮಾಡಿಸಿದ್ದರು. ಈಗ ಲಂಡನ್ನಿನ ಅವನ ವಕೀಲರು ಆ ಕಾಗದ ಕೇಳುತ್ತಿದ್ದಾರೆ. "ಅಣ್ಣ, ಬೆನ್ನೇ ಅವರ ಕಣ್ಣ ಮುಂದೆ ಇದೆಯಲ್ಲ, ಕಾಗದ ಯಾಕೆ?"

ನನಗೂ ಆಗ ಉತ್ತರ ಗೊತ್ತಿರಲಿಲ್ಲ. ಆ ಒಂದು ಕಾಗದದ ಹಿಂದೆ ಓಡಾಡುತ್ತ, ಆ ವಕೀಲರ ಪತ್ರಗಳನ್ನು ಓದಿ ಹೇಳುತ್ತ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ವಕೀಲನಲ್ಲ, ಡಾಕ್ಟರೂ ಅಲ್ಲ. ಕಾಗದ ಎಲ್ಲಿ ಹರಿಯುತ್ತದೆ, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಅನ್ನುವುದು ಮಾತ್ರ ಗೊತ್ತು.

ಮೊದಲು: ತೀರ್ಮಾನ ಯಾರ ಕೈಲಿದೆ, ನೋಡಿಕೊಳ್ಳಿ

ನಿರಾಶ್ರಿತರ ಬಗೆಗಿನ 1951ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ನಮ್ಮಲ್ಲಿ ಅಸೈಲಂ ಕಾನೂನೇ ಇಲ್ಲ. ಶ್ರೀಲಂಕಾ ತಮಿಳರನ್ನೂ ಟಿಬೆಟಿನವರನ್ನೂ ಸರ್ಕಾರವೇ ನೇರವಾಗಿ ನೋಡಿಕೊಳ್ಳುತ್ತದೆ. ಬರ್ಮಾ, ಅಫ್ಘಾನಿಸ್ತಾನದಂಥ ಕಡೆಯಿಂದ ಬಂದವರ ಅರ್ಜಿಯನ್ನು ದೆಹಲಿಯಲ್ಲಿರುವ ವಿಶ್ವಸಂಸ್ಥೆಯ ನಿರಾಶ್ರಿತರ ಕಚೇರಿ ವಿಚಾರಿಸುತ್ತದೆ. ಹಾಗಾಗಿ ಭವಾನಿಸಾಗರದ ಕ್ಯಾಂಪಿನಲ್ಲಿ ಇರಲು ಯಾರೂ ಬೆನ್ನು ತೋರಿಸಬೇಕಿಲ್ಲ. ಅಲ್ಲಿ ನಡೆಯುವುದು ನೋಂದಣಿ ಮತ್ತು ಹಾಜರಿ. 2021ರಲ್ಲಿ ಕ್ಯಾಂಪುಗಳ ಹೆಸರನ್ನು 'ಮರುವಾಳ್ವು ಮುಗಾಂ', ಅಂದರೆ ಮರುಬಾಳಿನ ಶಿಬಿರ ಎಂದು ಬದಲಿಸಿದರು; ಒಳಗಿರುವವರ ಸ್ಥಿತಿ ಕಾನೂನಿನಲ್ಲಿ ಬದಲಾಗಲಿಲ್ಲ.

ವೈದ್ಯಕೀಯ ಸಾಕ್ಷ್ಯಕ್ಕೆ ತೂಕ ಬರುವುದು ಬ್ರಿಟನ್, ಯುರೋಪ್, ಅಮೆರಿಕದಂಥ ಕಡೆ ಅರ್ಜಿ ಹಾಕಿದಾಗ. ಅಲ್ಲಿ ಮೊದಲು ಒಬ್ಬ ಅಧಿಕಾರಿ ಸಂದರ್ಶನ ಮಾಡಿ ತೀರ್ಮಾನಿಸುತ್ತಾನೆ. ತಿರಸ್ಕಾರವಾದರೆ ಅಪೀಲು. ಅಮೆರಿಕದಲ್ಲಿ ದೇಶದೊಳಗೆ ಕಾಲಿಟ್ಟ ಒಂದು ವರ್ಷದೊಳಗೆ ಅರ್ಜಿ ಹಾಕಬೇಕೆಂಬ ನಿಯಮವಿದೆ, ವಿನಾಯಿತಿ ಕಡಿಮೆ. "ವರದಿ ಸಿಕ್ಕಿದ ಮೇಲೆ ಹಾಕೋಣ" ಎಂದು ಕಾಯುವುದು ದೊಡ್ಡ ತಪ್ಪು. ಅರ್ಜಿ ಮೊದಲು, ವರದಿ ಆಮೇಲೆ.

ಗಾಯ ಹಸಿಯಾಗಿರುವಾಗ

ಹಿಂಸೆಯ ಬಹುಪಾಲು ಗುರುತುಗಳು ಸುಮಾರು ಆರು ವಾರದಲ್ಲಿ ಮಾಯುತ್ತವೆ. ಉಳಿದರೂ ಎಂಥದ್ದೋ ಕಲೆಯಾಗಿ ಉಳಿಯುತ್ತವೆ, ಅದರಿಂದ ಏನೂ ಹೇಳಲಾಗುವುದಿಲ್ಲ. ಲಾಠಿಯ ಏಟು ರೈಲು ಹಳಿಯಂತೆ ಎರಡು ಸಮಾನಾಂತರ ಕೆಂಪು ಗೆರೆ ಬಿಡುತ್ತದೆ, ನಡುವೆ ಬಿಳಿಚಿದ ಚರ್ಮ. ಅದನ್ನು ನೋಡಿದ ಯಾವ ಡಾಕ್ಟರಿಗೂ ದೊಣ್ಣೆಯೆಂದು ತಿಳಿಯುತ್ತದೆ. ಎರಡು ವಾರ ಬಿಟ್ಟು ನೋಡಿದರೆ ಬರೀ ಚರ್ಮ. ಕರೆಂಟ್ ಕೊಟ್ಟ ಕಡೆ ಒಂದರಿಂದ ಮೂರು ಮಿಲಿಮೀಟರಿನ ಕಂದುಗೆಂಪು ಚುಕ್ಕೆಗಳು ಮಾತ್ರ ಏಳುತ್ತವೆ. ಬೆಳಕಿಗೆ ಹಿಡಿದು ಹುಡುಕದಿದ್ದರೆ ಕಾಣುವುದೇ ಇಲ್ಲ.

ಆದ್ದರಿಂದ ಎಷ್ಟು ಬೇಗ ಆಗುತ್ತದೋ ಅಷ್ಟು ಬೇಗ ಯಾವುದಾದರೂ ಡಾಕ್ಟರ ಹತ್ತಿರ ಹೋಗಿ. ದೊಡ್ಡ ತಜ್ಞರೇ ಆಗಬೇಕಿಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರವೂ ಸಾಕು. ಮನೆಯವರು ಮೊಬೈಲಿನಲ್ಲಿ ಫೋಟೋ ತೆಗೆಯಿರಿ: ಮೊದಲು ದೂರದಿಂದ, ಮುಖವೂ ಗಾಯವೂ ಒಟ್ಟಿಗೆ ಕಾಣುವಂತೆ, ಆಮೇಲೆ ಹತ್ತಿರದಿಂದ, ಪಕ್ಕದಲ್ಲಿ ಸ್ಕೇಲೋ ಐದು ರೂಪಾಯಿ ನಾಣ್ಯವೋ ಇಟ್ಟು. ಫ್ಲಾಶ್ ಬೇಡ, ಹಗಲು ಬೆಳಕಿನಲ್ಲಿ. ಮೂಲ ಫೈಲ್ ಅಳಿಸಬೇಡಿ, ವಾಟ್ಸಾಪಿನಲ್ಲಿ ಕಳಿಸಿದ ಕಾಪಿಯಲ್ಲಿ ತೆಗೆದ ದಿನಾಂಕದ ವಿವರ ಉಳಿಯುವುದಿಲ್ಲ.

ಹಳೆಯ ಚೀಟಿಯನ್ನು ಹುಡುಕುವುದು

ಪೇಂಟರ್ ಅವರ ಜೊತೆ ನಾನು ಮೂರು ಸಲ ಘಾಟಿ ಇಳಿದೆ. ಆಸ್ಪತ್ರೆಯ ಹೆಸರು ಬೇಡ. ಮೊದಲ ಸಲ "ಅಷ್ಟು ಹಳೇ ರಿಜಿಸ್ಟರ್ ಇಲ್ಲ" ಅಂದರು. ಎರಡನೇ ಸಲ ಇದೆ, ಆದರೆ ಕೊಡುವವರು ರಜೆ. ಮೂರನೇ ಸಲ ಮಾಹಿತಿ ಹಕ್ಕಿನ ಅರ್ಜಿ ಬರೆದುಕೊಂಡೇ ಹೋದೆವು; ಅದನ್ನು ಕೊಡುವ ಮೊದಲೇ ರಿಜಿಸ್ಟರ್ ಹೊರಬಂತು. ಅದರಲ್ಲಿದ್ದದ್ದು ಒಂದೇ ಸಾಲು: ಹೆಸರು, ವಯಸ್ಸು, 'ಬರ್ನ್, ಬೆನ್ನು, ಸೋಂಕು, ಡ್ರೆಸ್ಸಿಂಗ್', ಒಂದು ಸಹಿ, ಒಂದು ದಿನಾಂಕ.

ಇಷ್ಟಕ್ಕೇ ಇಷ್ಟು ಓಡಾಟವೇ ಅಂದುಕೊಂಡೆ. ಲಂಡನ್ನಿನ ವಕೀಲರಿಗೆ ಬೇಕಿದ್ದದ್ದು ಮಾತ್ರ ಆ ದಿನಾಂಕವೇ. ಹುಡುಗ ಬ್ರಿಟನ್ನಿಗೆ ಹೋಗುವ ಎಷ್ಟೋ ಮೊದಲೇ, ಅಸೈಲಂ ಅನ್ನುವ ಯೋಚನೆಯೂ ಇಲ್ಲದಾಗಲೇ, ಆ ಗಾಯ ಹಸಿಯಾಗಿತ್ತು ಅನ್ನುವುದಕ್ಕೆ ಸರ್ಕಾರಿ ರಿಜಿಸ್ಟರಿನ ಸಾಕ್ಷಿ.

ದೃಢೀಕೃತ ಪ್ರತಿ ತೆಗೆದುಕೊಳ್ಳಿ. ಕಾಗದ ತಮಿಳಿನಲ್ಲಿದ್ದರೆ ಹಾಗೇ ಇರಲಿ, ಇಂಗ್ಲಿಷ್ ಅನುವಾದವನ್ನು ಬೇರೆ ಹಾಳೆಯಲ್ಲಿ ಮಾಡಿಸಿ, ಅನುವಾದಿಸಿದವರ ಹೆಸರು, ಸಹಿ ಇರಲಿ. ಕಾಗದದಲ್ಲಿ ಹೆಸರಿನ ಇನಿಷಿಯಲ್ ತಪ್ಪಾಗಿದ್ದರೂ ವಯಸ್ಸು ಎರಡು ವರ್ಷ ಆಚೀಚೆಯಾಗಿದ್ದರೂ ತಿದ್ದಬೇಡಿ, ತಿದ್ದಿಸಬೇಡಿ. ತಪ್ಪಿದೆಯೆಂದು ಇನ್ನೊಂದು ಹಾಳೆಯಲ್ಲಿ ವಿವರಿಸಿ. 'ಪಕ್ಕಾ ಮೆಡಿಕಲ್ ಸರ್ಟಿಫಿಕೇಟ್' ಮಾಡಿಸಿಕೊಡುತ್ತೇವೆ ಅನ್ನುವ ಏಜೆಂಟರು ಸಿಗುತ್ತಾರೆ. ಅವರ ಒಂದು ಸುಳ್ಳು ಕಾಗದ ಸಿಕ್ಕಿಬಿದ್ದರೆ ನಿಮ್ಮ ನಿಜದ ಹತ್ತು ಕಾಗದವೂ ಅದರ ಜೊತೆ ಮುಳುಗುತ್ತವೆ.

ಹೊರದೇಶದ ಡಾಕ್ಟರ ಮುಂದೆ ಕೂತಾಗ

ಚಿಕಿತ್ಸೆ ಕೊಡುವ ಡಾಕ್ಟರ ಚೀಟಿ ಬೇರೆ, ಹಿಂಸೆಯ ಗುರುತು ಪರೀಕ್ಷಿಸುವ ತಜ್ಞರ ವರದಿ ಬೇರೆ. ಬ್ರಿಟನ್ನಿನಲ್ಲಿ ಫ್ರೀಡಂ ಫ್ರಂ ಟಾರ್ಚರ್, ಹೆಲೆನ್ ಬಾಂಬರ್ ಫೌಂಡೇಶನ್ ಎಂಬ ಸಂಸ್ಥೆಗಳ ಡಾಕ್ಟರುಗಳು ಇಂಥ ವರದಿ ಬರೆಯುತ್ತಾರೆ. ಅಮೆರಿಕದಲ್ಲಿ ಫಿಸಿಷಿಯನ್ಸ್ ಫಾರ್ ಹ್ಯೂಮನ್ ರೈಟ್ಸ್ ಜೊತೆಗಿರುವ ಡಾಕ್ಟರುಗಳಿದ್ದಾರೆ. ಎಲ್ಲರೂ ಅನುಸರಿಸುವುದು ಇಸ್ತಾಂಬುಲ್ ಪ್ರೋಟೋಕಾಲ್ ಎಂಬ ಕೈಪಿಡಿಯನ್ನು. 15 ದೇಶಗಳ 75ಕ್ಕೂ ಹೆಚ್ಚು ತಜ್ಞರು ಸೇರಿ ಬರೆದ ಅದು 1999ರಲ್ಲಿ ವಿಶ್ವಸಂಸ್ಥೆಗೆ ಸಲ್ಲಿಕೆಯಾಯಿತು, 2022ರಲ್ಲಿ ಪರಿಷ್ಕರಣೆಯಾಯಿತು.

ಪರೀಕ್ಷೆ ಐದು ನಿಮಿಷದ್ದಲ್ಲ, ಗಂಟೆಗಟ್ಟಲೆ ನಡೆಯುತ್ತದೆ. ಎರಡು ಮೂರು ಸಲ ಕರೆಯಬಹುದು. ಮೊದಲು ಕಥೆ ಕೇಳುತ್ತಾರೆ, ಆಮೇಲೆ ಮೈ ನೋಡುತ್ತಾರೆ, ಪ್ರತಿ ಗುರುತಿಗೂ ಒಂದು ನಂಬರ್ ಕೊಟ್ಟು ದೇಹದ ಚಿತ್ರದ ಮೇಲೆ ಗುರುತು ಹಾಕುತ್ತಾರೆ.

ಇಲ್ಲಿ ನಮ್ಮ ಕಡೆಯವರು ಮಾಡುವ ಒಂದು ತಪ್ಪಿದೆ. ಮೈಮೇಲಿನ ಎಲ್ಲ ಕಲೆಯನ್ನೂ ಹಿಂಸೆಯ ಲೆಕ್ಕಕ್ಕೆ ಸೇರಿಸುವುದು. ಬೇಡ. ನಮ್ಮ ಸೀಮೆಯ ಯಾವನ ಮೈ ಕಲೆಯಿಲ್ಲದೆ ಇದೆ, ಹೇಳಿ! ಕಾಮಾಲೆ ಬಂದಾಗ ಅಜ್ಜಿ ಹಾಕಿದ ಬರೆ. ಕಬ್ಬು ಕಡಿಯುವಾಗ ಮಚ್ಚು ಜಾರಿದ್ದು. ಬಣ್ಣಾರಿ ಅಮ್ಮನ ಕೊಂಡ ಹಾಯ್ದವರಿದ್ದಾರೆ, ಕೆನ್ನೆಗೆ ಶೂಲ ಚುಚ್ಚಿಸಿಕೊಂಡವರಿದ್ದಾರೆ. ಇದಾವುದೂ ಲಂಡನ್ನಿನ ಡಾಕ್ಟರಿಗೆ ಗೊತ್ತಿರುವುದಿಲ್ಲ. ಹೊಟ್ಟೆಯ ಮೇಲಿನ ಸಣ್ಣ ಬರೆ, ಅಂಗಾಲಿನ ಸುಟ್ಟ ಕಲೆ ಅವರಿಗೆ ಬೇರೇನೋ ಆಗಿ ಕಾಣಬಹುದು. ನೀವೇ ಹೇಳಿ: "ಇದು ಅಜ್ಜಿ ಹಾಕಿದ್ದು, ಏಳು ವರ್ಷದವನಿದ್ದಾಗ. ಇದು ಸೈಕಲ್ಲಿನಿಂದ ಬಿದ್ದದ್ದು. ಇದು ಹೇಗಾಯಿತೋ ನನಗೆ ನೆನಪಿಲ್ಲ. ಇದು, ಇದು, ಇದು ಅವರು ಮಾಡಿದ್ದು." ಹಿಂಸೆಯದಲ್ಲದ ಕಲೆಯನ್ನು ತಾನಾಗಿಯೇ ಬೇರೆ ಮಾಡಿ ತೋರಿಸಿದ ಎಂದು ಡಾಕ್ಟರು ವರದಿಯಲ್ಲಿ ಬರೆಯುತ್ತಾರೆ. ಆ ಒಂದು ವಾಕ್ಯ ಉಳಿದ ಕಲೆಗಳಿಗೆ ಬಲ ಕೊಡುತ್ತದೆ.

ಪೇಂಟರ್ ಅವರ ಸೋದರಳಿಯನ ವರದಿಯಲ್ಲಿ ಹಾಗೇ ಆಯಿತು. ಅಜ್ಜಿಯ ಬರೆಗೂ ಒಂದು ನಂಬರ್ ಸಿಕ್ಕಿತ್ತು, ಏಳನೆಯದು. "ಕ್ಲೇಮಿಗೆ ಸಂಬಂಧಿಸಿಲ್ಲ ಎಂದು ಅರ್ಜಿದಾರರೇ ತಿಳಿಸಿದರು." ಅಜ್ಜಿ ಬದುಕಿದ್ದರೆ ಹೇಳಿ ನಗಬಹುದಿತ್ತು ಅಂದರು ಪೇಂಟರ್.

ವರದಿ ಬಂದ ಮೇಲೆ ಈ ಐದು ಪದಗಳನ್ನು ಹುಡುಕಿ

ಎಷ್ಟೇ ಪುಟದ ವರದಿಯಾದರೂ ತೀರ್ಮಾನಿಸುವವರ ಕಣ್ಣು ಹೋಗುವುದು ಐದು ದರ್ಜೆಗಳ ಮೇಲೆ. ಇಂಗ್ಲಿಷಿನ ಸಾಮಾನ್ಯ ಪದಗಳಂತೆ ಕಾಣುತ್ತವೆ. ಇಲ್ಲಿ ಪ್ರತಿಯೊಂದಕ್ಕೂ ಅಳೆದಿಟ್ಟ ಅರ್ಥವಿದೆ. 'ನಾಟ್ ಕನ್ಸಿಸ್ಟೆಂಟ್' ಅಂದರೆ ಹೇಳಿದ ರೀತಿಯಲ್ಲಿ ಈ ಗಾಯ ಆಗಿರಲಾರದು. 'ಕನ್ಸಿಸ್ಟೆಂಟ್ ವಿತ್' ಅಂದರೆ ಆಗಿರಬಹುದು, ಆದರೆ ಬೇರೆ ಕಾರಣಗಳೂ ಬೇಕಾದಷ್ಟಿವೆ. 'ಹೈಲಿ ಕನ್ಸಿಸ್ಟೆಂಟ್' ಅಂದರೆ ಬೇರೆ ಕಾರಣಗಳು ಕೆಲವೇ. 'ಟಿಪಿಕಲ್ ಆಫ್' ಅಂದರೆ ಇಂಥ ಹಿಂಸೆಯಲ್ಲಿ ಸಾಮಾನ್ಯವಾಗಿ ಕಾಣುವಂಥದ್ದೇ, ಬೇರೆ ಕಾರಣ ಪೂರ್ತಿ ಅಸಾಧ್ಯವಲ್ಲ. 'ಡಯಾಗ್ನಾಸ್ಟಿಕ್ ಆಫ್' ಅಂದರೆ ಬೇರೆ ಯಾವ ರೀತಿಯಲ್ಲೂ ಆಗಿರಲು ಸಾಧ್ಯವಿಲ್ಲ.

ಬರೀ 'ಕನ್ಸಿಸ್ಟೆಂಟ್' ಅಂತ ಬರೆದದ್ದನ್ನು ನೋಡಿ "ಗೆದ್ದೆವು" ಅನ್ನುವವರಿದ್ದಾರೆ. ಅದು ಕೆಳಗಿನಿಂದ ಎರಡನೆಯ ಮೆಟ್ಟಿಲು. ಹಾಗೆಂದು ಕಂಗೆಡಬೇಕಾಗಿಯೂ ಇಲ್ಲ. ಒಂದೊಂದು ಕಲೆಗೂ ಒಂದು ದರ್ಜೆ ಇದ್ದ ಹಾಗೆ, ಎಲ್ಲವನ್ನೂ ಒಟ್ಟಿಗೆ ನೋಡಿದ ಅಭಿಪ್ರಾಯವೂ ವರದಿಯ ಕೊನೆಯಲ್ಲಿರಬೇಕು. ಇಲ್ಲದಿದ್ದರೆ ವಕೀಲರ ಮೂಲಕ ಕೇಳಿ. ಸಿಗರೇಟಿನಿಂದ ಸುಟ್ಟ ಕಲೆ ಐದರಿಂದ ಹತ್ತು ಮಿಲಿಮೀಟರಿನ ವೃತ್ತ, ನಡು ಬಿಳಿಚು, ಅಂಚು ಕಪ್ಪು. ಅಂಥದ್ದು ಒಂದಿದ್ದರೆ ಆಕಸ್ಮಿಕ ಅನ್ನಬಹುದು. ತನ್ನ ಕೈಗೆ ಎಟುಕದ ಬೆನ್ನಿನ ಜಾಗದಲ್ಲಿ ಸಾಲಾಗಿ ಆರಿದ್ದರೆ?

ತೀರ್ಪು ಬರೆಯುವವರು ಇದನ್ನು ಹೇಗೆ ಓದುತ್ತಾರೆ

ಅವರ ಮುಂದಿರುವ ಮುಖ್ಯ ಪ್ರಶ್ನೆ ಗಾಯ ಇದೆಯೋ ಇಲ್ಲವೋ ಅಲ್ಲ. ಈ ಮನುಷ್ಯ ಹೇಳುತ್ತಿರುವುದನ್ನು ನಂಬಬಹುದೇ, ಗಾಯ ಮಾಡಿದ್ದು ಯಾರು, ವಾಪಸು ಹೋದರೆ ಮತ್ತೆ ಹಾಗಾಗುತ್ತದೆಯೇ. ಡಾಕ್ಟರ ವರದಿ ಮೊದಲನೆಯದಕ್ಕೆ ಊರುಗೋಲು, ಎರಡನೆಯದಕ್ಕೆ ಅರ್ಧ ಉತ್ತರ. ಮೂರನೆಯದಕ್ಕೆ ಬೇರೆ ಸಾಕ್ಷ್ಯ ಬೇಕು.

ಹಿಂದೆ ಬ್ರಿಟನ್ನಿನಲ್ಲಿ ಒಂದು ಚಾಳಿಯಿತ್ತು. "ಇವನ ಕಥೆ ನಂಬಲಾಗದು" ಎಂದು ಮೊದಲೇ ತೀರ್ಮಾನಿಸಿ, ಆಮೇಲೆ ವರದಿ ತೆರೆದು "ನಂಬಲಾಗದವನ ಮಾತು ಕೇಳಿ ಡಾಕ್ಟರು ಬರೆದದ್ದು" ಎಂದು ತಳ್ಳಿಹಾಕುವುದು. 2005ರಲ್ಲಿ ಅಲ್ಲಿನ ಅಪೀಲು ಕೋರ್ಟು ಮಿಬಾಂಗಾ ಪ್ರಕರಣದಲ್ಲಿ ಇದು ತಪ್ಪು ಅಂದಿತು: ವರದಿಯನ್ನೂ ಮಾತನ್ನೂ ಒಟ್ಟಿಗೆ ತೂಗಿಯೇ ನಂಬಿಕೆಯ ಪ್ರಶ್ನೆಗೆ ಬರಬೇಕು. ತಿರಸ್ಕಾರದ ಪತ್ರ ಬಂದರೆ ವರದಿಯ ಪ್ರಸ್ತಾಪ ಯಾವ ಪುಟದಲ್ಲಿದೆ ನೋಡಿ. ಕೊನೆಯಲ್ಲಿ ಎರಡು ಸಾಲಿದ್ದರೆ ವಕೀಲರಿಗೆ ಅಪೀಲಿನ ಎಳೆ ಸಿಕ್ಕಿತು.

ಬ್ರಿಟನ್ನಿನದೇ ಇನ್ನೊಂದು ಪ್ರಕರಣವನ್ನು ಪೇಂಟರ್ ಅವರಿಗೆ ಎರಡು ಸಲ ಓದಿ ಹೇಳಬೇಕಾಯಿತು. ಕೋರ್ಟು ಕೆವಿ ಎಂಬ ಅಕ್ಷರಗಳಿಂದ ಮಾತ್ರ ಗುರುತಿಸಿದ ಶ್ರೀಲಂಕಾ ತಮಿಳನೊಬ್ಬ. ಕಾದ ಲೋಹದ ಸರಳಿನ ಕಲೆಗಳು ಬೆನ್ನಿನ ಮೇಲೂ ತೋಳಿನ ಮೇಲೂ. ತೋಳಿನ ಕಲೆಗಳ ಅಂಚು ಮಸುಕು, ಬೆನ್ನಿನವುಗಳ ಅಂಚು ಗೆರೆ ಎಳೆದ ಹಾಗೆ ಚೊಕ್ಕ. ತೋಳು ಸುಡುವಾಗ ಎಚ್ಚರವಿತ್ತು, ಆಮೇಲೆ ಪ್ರಜ್ಞೆ ತಪ್ಪಿತು ಎಂದು ಅವನು ಹೇಳಿದ್ದ. ಎಚ್ಚರವಿದ್ದವನು ಕೊಸರಾಡುತ್ತಾನೆ, ಅಂಚು ಕದಡುತ್ತದೆ, ಪ್ರಜ್ಞೆಯಿಲ್ಲದವನು ಅಲುಗುವುದಿಲ್ಲ. ಆದರೆ ಇಂಥ ಅಪೀಲು ಕೇಳುವ ಟ್ರಿಬ್ಯೂನಲ್ ಅದೇ ಚೊಕ್ಕ ಅಂಚನ್ನು ಹಿಡಿದು, ಆಶ್ರಯಕ್ಕಾಗಿ ತಾನೇ ಯಾರಿಂದಲೋ ಸುಡಿಸಿಕೊಂಡಿರಬೇಕು ಅಂದಿತು. 2017ರಲ್ಲಿ ಅಪೀಲು ಕೋರ್ಟಿನ ಬಹುಮತವೂ ಅವನ ವಿರುದ್ಧವೇ. 2019ರ ಮಾರ್ಚಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ತಿರುಗಿಸಿತು: ಗಾಯ ಯಾವುದರಿಂದ ಆಯಿತು ಎಂಬುದಷ್ಟೇ ಅಲ್ಲ, ಅರ್ಜಿದಾರ ಹೇಳಿದ ಸನ್ನಿವೇಶಕ್ಕೆ ಅದು ಎಷ್ಟು ಹೊಂದುತ್ತದೆ ಎಂದು ಹೇಳುವುದೂ ಡಾಕ್ಟರ ಕೆಲಸ; ಹಾಗೆ ಸುಡಿಸಿಕೊಳ್ಳುವವರು ತೀರಾ ಅಪರೂಪವೆಂಬುದಕ್ಕೂ ಸಾಕಷ್ಟು ತೂಕ ಕೊಡಬೇಕು. ಪ್ರಕರಣ ಮರುವಿಚಾರಣೆಗೆ ಹೋಯಿತು.

ನಮ್ಮ ಒಂದು ಸಾಲಿನ ರಿಜಿಸ್ಟರಿನ ದಿನಾಂಕಕ್ಕೆ ಯಾಕೆ ಬೆಲೆ ಬಂತು ಅನ್ನುವುದು ನನಗೆ ತಿಳಿದದ್ದು ಇದನ್ನು ಓದಿದ ಮೇಲೆಯೇ.

ಯುರೋಪಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದಿದೆ. ಸ್ವೀಡನ್ ವಿರುದ್ಧದ ಇರಾನಿನ ವ್ಯಕ್ತಿಯೊಬ್ಬನ ಪ್ರಕರಣದಲ್ಲಿ ಯುರೋಪಿನ ಮಾನವ ಹಕ್ಕು ನ್ಯಾಯಾಲಯ 2010ರಲ್ಲಿ ಹೇಳಿದ್ದು ಇದು: ತಜ್ಞನಲ್ಲದ ಡಾಕ್ಟರ ಸರ್ಟಿಫಿಕೇಟೇ ಆಗಲಿ, ಅದರಲ್ಲಿ ಹಿಂಸೆಯ ಬಲವಾದ ಸುಳಿವಿದ್ದರೆ, ಸರಿಯಾದ ತಜ್ಞ ಪರೀಕ್ಷೆ ಮಾಡಿಸುವ ಹೊಣೆ ಸರ್ಕಾರದ್ದು. ಅಂದರೆ ಸಣ್ಣ ಊರಿನ ಸಣ್ಣ ಚೀಟಿಯೂ ಬಾಗಿಲು ತಟ್ಟಬಲ್ಲದು.

ಅಮೆರಿಕದ ಅಂಕಿಗಳನ್ನು ಜನ ಎತ್ತಿ ಹೇಳುತ್ತಾರೆ. 2000ರಿಂದ 2004ರ ನಡುವಿನ ಪ್ರಕರಣಗಳ ಅಧ್ಯಯನವೊಂದರಲ್ಲಿ, ವೈದ್ಯಕೀಯ ಪರೀಕ್ಷೆ ಆದವರಲ್ಲಿ ಶೇ. 89 ಮಂದಿಗೆ ಆಶ್ರಯ ಸಿಕ್ಕಿತ್ತು. ಆಗಿನ ದೇಶದ ಸರಾಸರಿ ಶೇ. 37.5. ಕೇಳಲು ಚೆನ್ನ. ಆದರೆ ವಕೀಲರಿರುವ, ಮೊದಲೇ ಗಟ್ಟಿಯಿರುವ ಪ್ರಕರಣಗಳೇ ಡಾಕ್ಟರ ತನಕ ಹೋಗುತ್ತವೆ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ವರದಿಯೊಂದೇ ಅಷ್ಟು ವ್ಯತ್ಯಾಸ ಮಾಡಿತು ಎಂದು ನಾನಂತೂ ಯಾರಿಗೂ ಹೇಳುವುದಿಲ್ಲ.

ಕಲೆಯೇ ಇಲ್ಲದಿದ್ದರೆ

ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವೀರಪ್ಪನ್ ಬೇಟೆಯ ಕಾಲದಲ್ಲಿ ಎರಡೂ ರಾಜ್ಯಗಳ ವಿಶೇಷ ಕಾರ್ಯಪಡೆ ಹಿಡಿದುಕೊಂಡು ಹೋದವರು ಈ ಕಾಡಂಚಿನ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಮಾದಪ್ಪನ ಬೆಟ್ಟದಲ್ಲಿ ಅವರು ಹಿಂಸೆ ಕೊಡುತ್ತಿದ್ದ 'ವರ್ಕ್‌ಶಾಪ್' ಅಂದರೆ ಏನೆಂದು ಇಲ್ಲಿ ಯಾರೂ ವಿವರಿಸುವುದಿಲ್ಲ. ಒಬ್ಬ ಮುದುಕ ನನ್ನ ಮೇಜಿನ ಮುಂದೆ ಕೂತು, ಮುದಿ ಪಿಂಚಣಿಯ ಅರ್ಜಿಗೆ ಹೆಬ್ಬೆಟ್ಟು ಒತ್ತಿ, ಕಿವಿಯ ಹಾಲೆ ಮುಟ್ಟಿಕೊಂಡು "ಇಲ್ಲಿಗೇ ಕ್ಲಿಪ್ಪು ಹಾಕಿ ಕರೆಂಟ್ ಕೊಟ್ಟ್ರು ಕನಪ್ಪಾ" ಅಂದಿದ್ದರು. ನೋಡಿದೆ. ಏನೂ ಇರಲಿಲ್ಲ, ಕಡುಕು ತೂಗಿದ್ದ ತೂತು ಬಿಟ್ಟರೆ. ರಾಷ್ಟ್ರೀಯ ಮಾನವ ಹಕ್ಕು ಆಯೋಗ ನ್ಯಾಯಮೂರ್ತಿ ಸದಾಶಿವ ಅವರ ಸಮಿತಿಯನ್ನು ನೇಮಿಸಿ, ಕೊನೆಗೆ 2007ರಲ್ಲಿ 89 ಜನರಿಗೆ 2.80 ಕೋಟಿ ರೂಪಾಯಿ ಪರಿಹಾರ ಹೇಳಿತು. ದೂರು ಕೊಟ್ಟವರು ಅದಕ್ಕಿಂತ ಎಷ್ಟೋ ಹೆಚ್ಚು.

ಗುರುತಿಲ್ಲ ಅಂದರೆ ಹಿಂಸೆ ಆಗಿಲ್ಲ ಎಂದಲ್ಲ. ಇಸ್ತಾಂಬುಲ್ ಪ್ರೋಟೋಕಾಲ್ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಕೈ ಹಿಂದಕ್ಕೆ ಕಟ್ಟಿ ನೇತುಹಾಕಿದ್ದರೆ ಚರ್ಮದ ಮೇಲೆ ಏನೂ ಉಳಿಯದಿದ್ದರೂ ಹೆಗಲಿನ ನರಕ್ಕೆ ಪೆಟ್ಟಾಗಿರಬಹುದು: ತೋಳು ಎತ್ತಲಾಗದು, ಬೆರಳು ಜೋಮು, ಬೆನ್ನಿನ ರೆಕ್ಕೆಮೂಳೆ ಹೊರಕ್ಕೆ ಎದ್ದು ನಿಲ್ಲುತ್ತದೆ. ಅಂಗಾಲಿಗೆ ಹೊಡೆದಿದ್ದರೆ ವರ್ಷಗಳ ಮೇಲೂ ಹಿಮ್ಮಡಿ ನೋವು. ಇವನ್ನು "ವಯಸ್ಸಾಯ್ತು" ಎಂದು ನುಂಗಿಕೊಳ್ಳಬೇಡಿ, ಡಾಕ್ಟರಿಗೆ ಹೇಳಿ.

ಮನಸ್ಸಿನ ಪರೀಕ್ಷೆಯೂ ಸಾಕ್ಷ್ಯವೇ. ನಿದ್ದೆ ಬಾರದಿರುವುದು, ಬೂಟಿನ ಸದ್ದಿಗೆ ಬೆಚ್ಚುವುದು, ಹೆಂಡತಿ ಮಕ್ಕಳ ಜೊತೆ ಮಾತೇ ನಿಂತುಹೋಗುವುದು. "ಹುಚ್ಚ ಅಂತ ಬರೆದುಬಿಡ್ತಾರೆ" ಎಂಬ ಹೆದರಿಕೆಯಿಂದ ಗಂಡಸರು ಇದನ್ನು ಮುಚ್ಚಿಡುತ್ತಾರೆ. ಇದರಲ್ಲಿ ಇನ್ನೊಂದು ಉಪಯೋಗವಿದೆ: ಸಂದರ್ಶನದಲ್ಲಿ ದಿನಾಂಕ ಹಿಂದುಮುಂದಾಗಿದ್ದರೆ, ಹಿಂಸೆಗೆ ಸಿಕ್ಕವರ ನೆನಪು ಹೀಗೇ ಚೂರುಚೂರಾಗಿರುತ್ತದೆ ಎಂದು ವಿವರಿಸಬಲ್ಲವರು ಆ ತಜ್ಞರೇ.

ಮಾತು ದಾಟಿಸುವವರ ಬಗ್ಗೆ ಎಚ್ಚರ

'ನೇತುಹಾಕಿದರು' ಅನ್ನುವುದನ್ನು ಅವಸರದ ದುಭಾಷಿ 'ಗಲ್ಲಿಗೆ ಹಾಕಿದರು' ಎಂದು ದಾಟಿಸಿದರೆ, ಗಲ್ಲಿಗೆ ಹಾಕಿಸಿಕೊಂಡವನು ಎದುರಿಗೆ ಹೇಗೆ ಕೂತಿದ್ದಾನೆ ಎಂಬ ಪ್ರಶ್ನೆ ಏಳುತ್ತದೆ. 'ಮೊನ್ನೆ' ಅಂದರೆ ನಮಗೆ ಎರಡು ದಿನವೂ ಹೌದು, ಎರಡು ವರ್ಷವೂ ಹೌದು. ಬರೀ 'ಹೊಡೆದರು' ಬೇಡ. ಯಾವುದರಿಂದ, ಯಾವ ಭಾಗಕ್ಕೆ, ಕೂತಿದ್ದಿರೋ ಮಲಗಿದ್ದಿರೋ, ಎಷ್ಟು ಜನ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಿ. ನಿಮ್ಮ ಸಂಬಂಧಿಕರು ದುಭಾಷಿಯಾಗುವುದು ಬೇಡವೇ ಬೇಡ. ಅಪ್ಪನ ಮುಂದೆ, ಭಾವನ ಮುಂದೆ ಹೇಳಲಾಗದ ಸಂಗತಿಗಳಿರುತ್ತವೆ. ಡಾಕ್ಟರೂ ದುಭಾಷಿಯೂ ಹೆಣ್ಣೇ ಬೇಕು ಅಥವಾ ಗಂಡೇ ಬೇಕು ಎಂದು ಮುಂಚೆಯೇ ಕೇಳಬಹುದು.

ಇಲ್ಲೇ ಠಾಣೆಯಲ್ಲಿ ಏಟು ತಿಂದವರಿಗೆ

ನಮ್ಮ ಕಾನೂನಿನ ದಾರಿ ಬೇರೆ, ಕಾಗದದ ಗುಣ ಒಂದೇ. ಹಿಂಸೆಯ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ 1997ರಲ್ಲಿ ಸಹಿ ಹಾಕಿತು, ಇನ್ನೂ ಅಂಗೀಕರಿಸಿಲ್ಲ. ಆದರೂ ಕೈಯಲ್ಲಿ ಕೆಲವು ಹಿಡಿಕೆಗಳಿವೆ. ಬಂಧಿಸಿದ ಕೂಡಲೇ ಸರ್ಕಾರಿ ಡಾಕ್ಟರು ಪರೀಕ್ಷಿಸಿ, ಗಾಯ ಮತ್ತು ಅದಾದ ಅಂದಾಜು ಸಮಯ ಬರೆದು, ಒಂದು ಪ್ರತಿಯನ್ನು ಬಂಧಿತನಿಗೋ ಅವನು ಹೇಳಿದವರಿಗೋ ಕೊಡಬೇಕು. ಇದು 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 53ನೇ ಕಲಂ. ಕಸ್ಟಡಿಯಲ್ಲಿದ್ದಷ್ಟು ದಿನ 48 ಗಂಟೆಗೊಮ್ಮೆ ಪರೀಕ್ಷೆ ಆಗಬೇಕೆಂಬುದು ನಮ್ಮ ಸುಪ್ರೀಂ ಕೋರ್ಟಿನ 1996ರ ಡಿ.ಕೆ. ಬಸು ತೀರ್ಪು.

ಪರೀಕ್ಷೆ ಹೆಸರಿಗಷ್ಟೇ ಆಗುವುದೂ ಉಂಟು. 2020ರ ಜೂನಿನಲ್ಲಿ ತೂತ್ತುಕುಡಿ ಜಿಲ್ಲೆಯ ಸಾತಾನ್‌ಕುಳದಲ್ಲಿ ಆಸ್ಪತ್ರೆಗೆ ತೋರಿಸಿಯೇ ರಿಮಾಂಡಿಗೆ ಕಳಿಸಿದ್ದ ಅಪ್ಪ ಮಗ ಕೆಲವೇ ದಿನಗಳಲ್ಲಿ ತೀರಿಕೊಂಡರು. ಡಾಕ್ಟರು ಸರಿಯಾಗಿ ನೋಡಲಿಲ್ಲ ಅನ್ನಿಸಿದರೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿದಾಗ ಬಾಯಿಬಿಟ್ಟು ಹೇಳಿ, ಅಂಗಿ ಎತ್ತಿ ತೋರಿಸಿ, ಮತ್ತೆ ಪರೀಕ್ಷೆ ಮಾಡಿಸಲು ಕೇಳಿ. ಬೇಲ್ ಮೇಲೆ ಹೊರಬಂದ ದಿನವೇ ಬೇರೆ ಆಸ್ಪತ್ರೆಗೆ ಹೋಗಿ. ನಮಗೆ ಚಾಮರಾಜನಗರ ಹತ್ತಿರ, ಘಾಟಿಯ ತಂಟೆಯೂ ಇಲ್ಲ. ರಾಜ್ಯ ಬೇರೆಯಾದರೂ ಡಾಕ್ಟರ ಚೀಟಿ ಚೀಟಿಯೇ. ಅಲ್ಲಿ ಹೋಗಿ "ಬಿದ್ದೆ" ಅನ್ನಬೇಡಿ. ಹೆದರಿ ಹಾಗಂದವರ ಚೀಟಿಗಳನ್ನು ನಾನು ನೋಡಿದ್ದೇನೆ. 'ಎಡಗೈ ಊತ, ಮೆಟ್ಟಿಲಿನಿಂದ ಬಿದ್ದು' ಎಂದು ನೀಲಿ ಇಂಕಿನಲ್ಲಿ ಒಮ್ಮೆ ಬರೆದಾಯಿತೆಂದರೆ, ಆಮೇಲೆ ನಾನು ಎಷ್ಟು ಪುಟದ ಅರ್ಜಿ ಬರೆದರೂ ಎದುರು ಪಕ್ಷದ ವಕೀಲರು ಮೊದಲು ಓದುವುದು ಆ ಸಾಲನ್ನೇ.